ಕೆಂಪು ಬಟ್ಟೆ ಕಟ್ಟಿದ ಕಳೆ ಮಿಷಿನ್

ಕಳೆಯಕ್ಕನ ಬಲಗೈ ಹೆಬ್ಬೆರಳಿನ ಉಗುರು ಹಸಿರಾಗಿತ್ತು. ಸೋಪು ಹಾಕಿ ಉಜ್ಜಿದರೆ ಹೋಗುವ ಹಸಿರಲ್ಲ. ಕಂಡವರ ಹೊಲದಲ್ಲಿ, ಕಂಡವರ ಹಿತ್ತಲಲ್ಲಿ ಕಳೆ ಕಿತ್ತೂ ಕಿತ್ತೂ ಉಗುರಿನೊಳಕ್ಕೇ ಇಳಿದುಬಿಟ್ಟಿದ್ದ ಬಣ್ಣ ಅದು. ಆ ಬೆರಳು ಹೊರಗಡೆಗೆ ಸ್ವಲ್ಪ ಬಾಗಿತ್ತು, ಪೂರ್ತಿ ಮಡಚುತ್ತಿರಲಿಲ್ಲ. ನಮ್ಮ ಜಗಲಿಯ ಮೇಲೆ ಕೂತು ಮುದ್ದೆ ಮುರಿಯುವಾಗ ಉಳಿದ ನಾಲ್ಕು ಬೆರಳೇ ಎಲ್ಲ ಕೆಲಸ ಮಾಡುತ್ತಿದ್ದವು, ಹೆಬ್ಬೆರಳು ಸುಮ್ಮನೆ ಪಕ್ಕದಲ್ಲಿ ನಿಂತಿರುತ್ತಿತ್ತು.

ಇದನ್ನು ಬರೆಯಲು ಕೂತರೆ ನನಗೆ ಸಿಟ್ಟು ಬರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಇದು ಕಣ್ಣೀರು ಹಾಕಿಕೊಂಡು ಬರೆಯುತ್ತಿರುವುದಲ್ಲ, ಹಲ್ಲು ಕಡಿದುಕೊಂಡು ಬರೆಯುತ್ತಿರುವುದು. ಸಿಟ್ಟು ಯಾರ ಮೇಲೆ ಎನ್ನುವುದು ಮುಂದೆ ತಾನಾಗಿ ಗೊತ್ತಾಗುತ್ತದೆ.

ಕೊಳ್ಳೇಗಾಲದ ಒಂದು ಕಾಲೇಜಿನ ಆಫೀಸಿನಲ್ಲಿ ಜೀವಮಾನವೆಲ್ಲ ಕಡತ ತಿರುವಿ ಹಾಕಿ ನಿವೃತ್ತನಾದವನು ನಾನು. ಹನೂರು ರಸ್ತೆಯ ಕಡೆ ಒಂದು ಮನೆ, ಮನೆಗಿಂತ ದೊಡ್ಡದೊಂದು ಹಿತ್ತಲು. ನಾಲ್ಕು ತೆಂಗು, ಒಂದು ನುಗ್ಗೆ, ಒಂದು ಕರಿಬೇವು. ಉಳಿದದ್ದೆಲ್ಲ ಕಳೆ. ಮುಂಗಾರಿನ ನಾಲ್ಕು ಹನಿ ಬಿದ್ದರೆ ಸಾಕು, ಪಾರ್ಥೇನಿಯಂ ಗಿಡ ಸೊಂಟದುದ್ದ ಎದ್ದು ನಿಲ್ಲುತ್ತದೆ. ಅದರೊಳಗೆ ಹಾವು ಮಲಗಿದ್ದರೂ ಕಾಣುವುದಿಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಬಂದು ಅದನ್ನೆಲ್ಲ ಕಿತ್ತು ಹಸನು ಮಾಡಿಕೊಡುತ್ತಿದ್ದವರು ಕಳೆಯಕ್ಕ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಸೊಸೆಯ ಜೊತೆ ಇದ್ದರೂ ತನ್ನ ಊಟ ತಾನೇ ದುಡಿದು ಉಣ್ಣಬೇಕು ಎಂಬ ಹಟ.

ಅವರ ಕೆಲಸಕ್ಕೊಂದು ಕ್ರಮವಿತ್ತು. ಬಂದವರೇ ಕುಡ್ಲು, ಅಂದರೆ ಕುಡುಗೋಲು, ಎತ್ತುತ್ತಿರಲಿಲ್ಲ. ಮೊದಲು ಹಿತ್ತಲಿಗೆ ಒಂದು ಸುತ್ತು. ಕಲ್ಲು, ಗಾಜಿನ ಚೂರು, ತಂತಿ ಎಲ್ಲವನ್ನೂ ಸೀರೆಯ ಮಡಿಲಿಗೆ ಹಾಕಿಕೊಂಡು ಹೋಗಿ ಮೂಲೆಗೆ ಸುರಿಯುವುದು. ಎರಡನೆಯ ಸುತ್ತಿಗೆ ಹಳೆಯ ಕೆಂಪು ಸೀರೆಯಿಂದ ಹರಿದ ಬಟ್ಟೆ ಚೂರುಗಳು. ಉಳಿಸಬೇಕಾದ ಸಸಿಗೆ ಒಂದು, ನಲ್ಲಿಯ ಪೈಪಿಗೆ ಒಂದು, ತುಂಬೆ ಹೂವಿನ ಗಿಡಕ್ಕೆ ಒಂದು. ಕೆಂಪು ಬಟ್ಟೆ ಕಟ್ಟಿದೆ ಎಂದರೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಮೂರನೆಯ ಸುತ್ತು ಸೊಪ್ಪಿಗೆ. ಅಣ್ಣೆ, ಹೊನಗೊನ್ನೆ, ಗುಳಸುಂಡೆ, ಹೆಸರೇ ಗೊತ್ತಿಲ್ಲದ ಇನ್ನೂ ಏನೇನೋ ಸೇರಿಸಿ ಒಂದು ಹೊರೆ ಬೆರಕೆ ಸೊಪ್ಪು ಜಗಲಿಯ ಮೇಲೆ ಇಡುತ್ತಿದ್ದರು. ನಾನು ಒಂದು ಸಲ, ‘ಅಕ್ಕಾ, ಕಳೆ ಕೀಳಕ್ಕೆ ಬಂದು ಕಳೆನೇ ಮನೆಯೊಳಕ್ಕೆ ತರ್ತೀರಲ್ಲ’ ಎಂದು ರೇಗಿಸಿದ್ದಕ್ಕೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು.

‘ಎಲ್ಲಾನೂ ಕಳೆ ಕಳೆ ಅನ್ಬ್ಯಾಡಿ ಸಾ. ಅರ್ಧ ಸಾರಿಗ್ ಬತ್ತದೆ. ರಾತ್ರಿಕೆ ಉಂಡು ನೋಡಿ, ಆಮೇಲ್ ಮಾತಾಡಿ.’

ಉಂಡೆ. ಆಮೇಲೆ ಮಾತಾಡಲಿಲ್ಲ.

ನಾಲ್ಕು ವರ್ಷದ ಹಿಂದೆ ಅವರ ಕೈಗೆ ಕಜ್ಜಿಯಂಥದ್ದು ಶುರುವಾಯಿತು. ಮೊಣಕೈವರೆಗೆ ಚರ್ಮ ಕಪ್ಪಾಗಿ, ದಪ್ಪಗಾಗಿ, ಬಿರುಕು ಬಿಟ್ಟಿತು. ಆಮೇಲೆ ಕಣ್ಣಿನ ರೆಪ್ಪೆಗೆ, ಕತ್ತಿಗೆ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು, ‘ಪಾರ್ಥೇನಿಯಂ ಗಿಡ ನಿಮಗೆ ಆಗಲ್ಲಮ್ಮ. ಇನ್ನು ಅದನ್ನ ಕೈಯಿಂದ ಮುಟ್ಟಲೇಬಾರದು’ ಎಂದರಂತೆ. ಅದನ್ನು ಮುಟ್ಟದೆ ನಮ್ಮ ಕಡೆ ಕಳೆ ಕೀಳುವುದು ಹೇಗೆ? ಬೇರೆ ಕೆಲಸ ಕೇಳಿಕೊಂಡು ಹೋಗುವ ವಯಸ್ಸೂ ಅಲ್ಲ. ಮನೆಯಲ್ಲಿ ಕೂತು ಸೊಸೆಯ ಮುಖ ನೋಡಿ ಉಣ್ಣುವ ಜೀವವಂತೂ ಅಲ್ಲವೇ ಅಲ್ಲ. ಅವರೇ ಒಂದು ದಿನ ಬಂದು ಕೇಳಿದರು, ‘ಸಾ, ಕಳೆ ಒಡ್ಯೋ ಮಿಷಿನ್ ಬಂದವಂತಲ್ಲ, ಒಂದ್ ತಕಳಿ. ನಾನೇ ಒಡೀತೀನಿ.’

ಇಲ್ಲಿಂದ ನನ್ನ ಘನಕಾರ್ಯಗಳು ಶುರು.

ನನ್ನ ಷಡ್ಡಕನೊಬ್ಬ ಇದ್ದಾನೆ, ಹೆಂಡತಿಯ ತಂಗಿಯ ಗಂಡ. ಸತ್ತೇಗಾಲದಲ್ಲಿ ತೆಂಗಿನ ತೋಟ. ಲೋಕದಲ್ಲಿ ಅವನಿಗೆ ಗೊತ್ತಿಲ್ಲದ ವಿಷಯವಿಲ್ಲ. ಮಿಷಿನ್ ವಿಚಾರ ಎತ್ತಿದ್ದೇ ತಡ, ಮೊಬೈಲ್ ತೆಗೆದು ಮೂಗಿನ ಮುಂದೆ ಹಿಡಿದ. ‘ನೋಡಿ ಭಾವ, ಬ್ಯಾಟರಿದು. ಹಗುರ. ಪೆಟ್ರೋಲ್ ರಗಳೆ ಇಲ್ಲ. ನಾಲ್ಕೂವರೆ ಸ್ಟಾರ್ ಕೊಟ್ಟವ್ರೆ ಜನ. ಕಣ್ಮುಚ್ಕಂಡು ತರ್ಸಿ.’ ನಾನು ಹಾಗೇ ಕಣ್ಣು ಮುಚ್ಚಿಕೊಂಡು ತರಿಸಿದೆ. ಬಣ್ಣ ಬಣ್ಣದ ಡಬ್ಬಿಯಲ್ಲಿ ಬಂತು. ಬ್ಲೇಡಿಲ್ಲ, ತುದಿಯಲ್ಲಿ ಗಿರಗಿರ ತಿರುಗುವ ನೈಲಾನ್ ದಾರ.

ಕಳೆಯಕ್ಕ ಆ ದಾರವನ್ನು ಹಸಿರು ಉಗುರಿನಲ್ಲಿ ಮೀಟಿ ನೋಡಿದರು. ‘ಇದು ಗಿಡನ ಕುಯ್ಯಕಿಲ್ಲ ಸಾ. ಚಚ್ತದೆ’ ಎಂದರು. ನಾನೊಬ್ಬ ದೊಡ್ಡ ಮನುಷ್ಯ, ಆಫೀಸಿನಲ್ಲಿ ಟೆಂಡರ್ ನೋಡಿದವನು! ‘ನಾಲ್ಕೂವರೆ ಸ್ಟಾರ್ ಇದೆ ಅಕ್ಕ, ಹೊಡೀರಿ’ ಎಂದೆ.

ಹೊಡೆದರು. ಗಿಡವೆಲ್ಲ ಬೆಳ್ಳಗೆ ಹೂ ಬಿಟ್ಟಿದ್ದ ಕಾಲ. ದಾರದ ಏಟಿಗೆ ಗಿಡ ಪುಡಿಪುಡಿಯಾಗಿ, ಹೂವು, ರಸ, ಧೂಳು ಎಲ್ಲ ಎಗರಿ ಅವರ ಮುಖಕ್ಕೆ, ಕತ್ತಿಗೆ, ಮೂಗಿಗೆ ಬಡಿಯಿತು. ಅರ್ಧ ಹಿತ್ತಲು ಮುಗಿಸುವಷ್ಟರಲ್ಲಿ ಬ್ಯಾಟರಿ ಸತ್ತಿತು. ಸಂಜೆ ಹೊತ್ತಿಗೆ ಅವರ ಎರಡು ಕಣ್ಣೂ ಊದಿ ಮುಚ್ಚಿಕೊಂಡವು. ಮಾರನೆಯ ದಿನ ಆಸ್ಪತ್ರೆಗೆ ಹೋಗಿ ಮಂಚದ ಪಕ್ಕ ನಿಂತೆ. ನನ್ನ ಕೆಮ್ಮಿನಿಂದಲೇ ಗುರುತು ಹಿಡಿದರು.

‘ಸಾ, ಒಂದ್ ಮಾತ್ ಕೇಳ್ಲಾ?’

‘ಕೇಳಿ ಅಕ್ಕ.’

‘ಆ ಸ್ಟಾರ್ ಕೊಟ್ರಲ್ಲ, ಅವ್ರ ಇತ್ಲಲ್ಲಿ ಈ ಗಿಡ ಇತ್ತಾ?’

ಮೂವತ್ತು ವರ್ಷದ ನೌಕರಿಯಲ್ಲಿ ಯಾವ ಅಧಿಕಾರಿಯೂ ನನ್ನನ್ನು ಹಾಗೆ ನಿಲ್ಲಿಸಿ ಕೇಳಿರಲಿಲ್ಲ. ತಂದಿದ್ದ ಕಿತ್ತಳೆ ಹಣ್ಣಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡೆ. ಅವರೇ ಮುಂದುವರಿಸಿದರು. ‘ಮಿಷಿನ್ ಜಾತಿನೇ ಕೆಟ್ಟದ್ದಲ್ಲ. ನೀವ್ ತಂದಿದ್ದು ಕೆಟ್ಟದ್ದು. ಉದ್ದ ಕೋಲಿಂದು, ಬ್ಲೇಡ್ ಇರೋದು ತರವ. ಊ ಬುಡೋಕ್ ಮುಂಚೆ, ಬೆಳಗ್ಗೆ ಇಬ್ಬನಿ ಇರೋವಾಗ ಬುಡಕ್ಕೆ ಕುಯ್ದಾಕ್ತೀನಿ. ಧೂಳೂ ಏಳಕಿಲ್ಲ, ಕೈಯೂ ಮುಟ್ಟೋ ಅಂಗಿಲ್ಲ. ಈ ಸಲ ನಾನೂ ಬತ್ತೀನಿ ತರಕ್ಕೆ.’

ವಾಸಿಯಾದ ಮೇಲೆ ಬಂದರು. ನಾನು ಅಂಗಡಿಗೆ ಎಂದು ಹೊರಟರೆ, ಅವರು ಬಸ್‌ಸ್ಟ್ಯಾಂಡಿನ ಹಿಂದಿನ ರಿಪೇರಿ ಶೆಡ್ಡಿಗೆ ಕರೆದುಕೊಂಡು ಹೋದರು. ಪಂಪ್‌ಸೆಟ್ಟು, ಔಷಧಿ ಹೊಡೆಯುವ ಮಿಷಿನ್ನು, ಕಳೆ ಮಿಷಿನ್ನು ಎಲ್ಲಕ್ಕೂ ಒಬ್ಬನೇ ಮೆಕ್ಯಾನಿಕ್ಕು. ಗೋಡೆಗೆ ಒಂದಷ್ಟು ಮಿಷಿನ್ ನೇತು ಹಾಕಿದ್ದ, ಮೂಲೆಯಲ್ಲಿ ಒಂದಷ್ಟು ರಾಶಿ ಬಿದ್ದಿದ್ದವು. ಕಳೆಯಕ್ಕ ಅಲ್ಲಿ ಅರ್ಧ ಗಂಟೆ ನಿಂತರು. ಬಗ್ಗಿದರು, ಎತ್ತಿದರು, ಮೂಸಿದರು. ‘ಇವು ಯಾಕಪ್ಪ ಬಿದ್ದವೆ ಮೂಲೇಲಿ?’

‘ಪಾರ್ಟ್ಸು ಸಿಕ್ಕಲ್ಲ ಕಣವ್ವ. ಆನ್‌ಲೈನ್ ಮಾಲು. ಅದರ ನಟ್ಟು ಬೋಲ್ಟು ಬಿಚ್ಕಂಡು ಬೇರೆದಕ್ಕೆ ಆಕ್ತೀನಿ ಅಷ್ಟೆಯ.’

‘ಗ್ವಾಡೇಲಿರೋವು?’

‘ಅವು ಸರ್ವೀಸಿಗ್ ಬಂದವೆ. ನಾಳೆ ಓಯ್ತವೆ.’

ಕಳೆಯಕ್ಕ ನನ್ನ ಕಡೆ ತಿರುಗಿದರು. ‘ನೋಡ್ಕಂಡ್ರಾ ಸಾ? ರಿಪೇರಿಗ್ ಬಂದ್ ವಾಪಸ್ ಓಗೋದು ಯಾವ್ದೋ ಅದ ತಕಬೇಕು.’ ಗೋಡೆಯ ಮೇಲಿದ್ದವುಗಳಲ್ಲಿ ನಾಲ್ಕಕ್ಕೆ ಮೂರು ಒಂದೇ ಥರದವು. ಬೂದು ಬಣ್ಣ, ನೋಡಲು ಲಕ್ಷಣವಿಲ್ಲ. ಇಷ್ಟು ಸರಳವಾದ ಪರೀಕ್ಷೆ ಮೊಬೈಲು ಹಿಡಿದ ನನಗಾಗಲಿ, ಷಡ್ಡಕನಿಗಾಗಲಿ ಹೊಳೆದಿರಲಿಲ್ಲ.

ಆಮೇಲೆ ಅಂಗಡಿ. ಅಲ್ಲಿಯ ಸೇಲ್ಸ್‌ಮನ್ ಮಾತಾಡಿದ್ದೆಲ್ಲ ನನ್ನ ಹತ್ತಿರ. ಕೇಳಿದ್ದೆಲ್ಲ ಕಳೆಯಕ್ಕ, ಉತ್ತರವೆಲ್ಲ ನನಗೆ. ‘ಹೊಡೆಯೋ ಆಳು ಯಾರು ಸಾರ್?’ ಎಂದ. ‘ಇವರೇ’ ಎಂದೆ. ‘ಅಜ್ಜೀನಾ!’ ಎಂದು ನಕ್ಕ.

‘ನಗೋದ್ ಆಮೇಲ್ ನಗು. ಬೆಲ್ಟ್ ಆಕಪ್ಪ’ ಎಂದರು ಕಳೆಯಕ್ಕ.

ಒಂದೊಂದೇ ಮಿಷಿನ್ನನ್ನು ಹೆಗಲಿಗೆ ಏರಿಸಿಕೊಂಡು, ಕೈ ಬಿಟ್ಟು ಸುಮ್ಮನೆ ನಿಂತರು. ಅಂಗಡಿಯವನಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಕೈ ಬಿಟ್ಟಾಗ ಮಿಷಿನ್ ನೆಲಕ್ಕೆ ತಲೆ ಬಗ್ಗಿಸಿದರೆ ದಿನವೆಲ್ಲ ತೋಳಿನಲ್ಲಿ ಎತ್ತಿ ಹಿಡಿಯಬೇಕು, ಸಮವಾಗಿ ನಿಂತರೆ ಬೆಲ್ಟೇ ಹೊರುತ್ತದೆ. ಆ ಬೂದು ಬಣ್ಣದ್ದು ಸಮವಾಗಿ ನಿಂತಿತು. ಹಗ್ಗ ಎಳೆದು ಸ್ಟಾರ್ಟ್ ಮಾಡಿ ತೋರಿಸುತ್ತೇನೆ ಎಂದು ಅವನು ಹೇಳುವ ಮೊದಲೇ ತಾವೇ ಎಳೆದರು. ಎರಡನೇ ಎಳೆತಕ್ಕೆ ಹೊತ್ತಿಕೊಂಡಿತು. ಹೊರಡುವಾಗ ಅವನು, ‘ಗಾರ್ಡ್ ಬಿಚ್ಚಿ ಕೊಡ್ಲಾ ಸಾರ್? ಹುಲ್ಲು ಸಿಕ್ಕಾಕೊಳ್ಳುತ್ತೆ ಅಂತ ಎಲ್ರೂ ಬಿಚ್ಚಿಸ್ಕೊಂಡೇ ಹೋಗೋದು’ ಎಂದ. ಬ್ಲೇಡಿಗೆ ತಗಲಿದ ಕಲ್ಲು ಮೈಗೆ ಸಿಡಿಯದ ಹಾಗೆ ತಡೆಯುವ ತಗಡು ಅದು. ನಮ್ಮ ಸೀಮೆಯಲ್ಲಿ ಮಿಷಿನ್ ಮನೆಗೆ ಬರುವ ಮೊದಲೇ ಅದನ್ನು ಬಿಚ್ಚಿ ಬಿಸಾಕುತ್ತಾರೆ.

‘ಬಿಚ್ಚು. ಬಿಚ್ಬುಟ್ಟು ನಿನ್ ಕಾಲ ನನ್ ಮುಂದೆ ಇಟ್ಕಂಡು ನಿಂತ್ಕೊ’ ಎಂದರು ಕಳೆಯಕ್ಕ. ಅವನು ಬಿಚ್ಚಲಿಲ್ಲ.

ಅಲ್ಲಿಂದ ಎರಡು ವರ್ಷ ನಮ್ಮ ಹಿತ್ತಲಿನ ವೈಭೋಗ ಕೇಳಬೇಡಿ. ಗಂಡನ ಹಳೆಯ ತುಂಬು ತೋಳಿನ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ಮುಖಕ್ಕೆ ಟವೆಲ್ ಸುತ್ತಿ, ಕನ್ನಡಕ ಹಾಕಿಕೊಂಡು ಬೆಳಗಿನ ಇಬ್ಬನಿಯಲ್ಲಿ ಇಳಿಯುತ್ತಿದ್ದರು. ಮೂರು ಸುತ್ತಿನ ಕ್ರಮ ಮಾತ್ರ ಬದಲಾಗಲಿಲ್ಲ: ಕಲ್ಲು, ಕೆಂಪು ಬಟ್ಟೆ, ಸೊಪ್ಪು. ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸಬೇಕೆಂದು ಮೆಕ್ಯಾನಿಕ್ಕಿನ ಹತ್ತಿರ ಕಲಿತು, ಓದು ಬಾರದ್ದಕ್ಕೆ ಬಾಟಲಿಗೆ ಎರಡು ದಾರ ಕಟ್ಟಿಕೊಂಡಿದ್ದರು. ಕೆಳಗಿನ ದಾರದವರೆಗೆ ಆಯಿಲ್, ಮೇಲಿನ ದಾರದವರೆಗೆ ಪೆಟ್ರೋಲ್. ಕೈಯ ಬಿರುಕು ಮುಚ್ಚಿತು, ಕಣ್ಣಿನ ರೆಪ್ಪೆ ತಿಳಿಯಾಯಿತು. ಮಿಷಿನ್ ತಂದ ದಿನವೇ ಅದರ ಹಿಡಿಗೆ ಒಂದು ಕೆಂಪು ಬಟ್ಟೆ ಚೂರು ಕಟ್ಟಿ, ‘ಇದ ಯಾರ್ಗೂ ಕೊಡ್ಬ್ಯಾಡಿ ಸಾ. ಕೇಳ್ದೋರ್ಗೆ ನಾನ್ ಬೈತೀನಿ ಅಂತ ಏಳಿ’ ಎಂದಿದ್ದರು. ನಾನು ನಕ್ಕು ತಲೆಯಾಡಿಸಿದ್ದೆ.

ಕಳೆದ ವರ್ಷ ಬೇಸಿಗೆ ರಜೆ ಮುಗಿಯುತ್ತಿದ್ದಾಗ ಅವರಿಗೆ ಯಳಂದೂರಿನಲ್ಲಿ ಒಂದು ಶಾಲೆಯ ಕಾಂಪೌಂಡು ಹಸನು ಮಾಡುವ ಕೆಲಸ ಸಿಕ್ಕಿತು. ನನ್ನ ಶಿಫಾರಸಲ್ಲ, ಯಾರದೂ ಅಲ್ಲ. ಅವರ ಕೆಲಸ ನೋಡಿದವರೇ ಹುಡುಕಿಕೊಂಡು ಬಂದು ಹೇಳಿದ್ದು. ಸಂಭ್ರಮವೋ ಸಂಭ್ರಮ. ‘ಸೋಮಾರ ಇಸ್ಕೂಲ್ ಸುರು ಸಾ. ಭಾನಾರ ಒಂದೇ ದಿನ್ದಲ್ಲಿ ನೆಲ ಕಾಣ್ಸಂಗೆ ಮಾಡ್ತೀನಿ ಅಂತ ಮಾತ್ ಕೊಟ್ಟಿವ್ನಿ’ ಎಂದು ಜಗಲಿಯ ಮೇಲೆ ಕೂತು ಮೂರು ಸಲ ಹೇಳಿದರು.

ಶುಕ್ರವಾರ ಷಡ್ಡಕ ಬಂದ. ತೋಟದಲ್ಲಿ ಕಳೆ ಎದ್ದಿದೆ, ಒಂದೇ ದಿನಕ್ಕೆ ಮಿಷಿನ್ ಕೊಡಿ ಎಂದ. ಭಾನುವಾರ ಕಳೆಯಕ್ಕನಿಗೆ ಬೇಕು ಎಂದೆ. ‘ಶನಿವಾರ ಸಂಜೆಗೆ ನಿಮ್ಮ ಮನೇಲಿ ಇರ್ತದೆ’ ಎಂದ. ಹೆಂಡತಿ ಒಳಗಿನಿಂದ, ‘ಅಕ್ಕನ್ನ ಒಂದ್ಮಾತು ಕೇಳ್ರೀ’ ಎಂದಳು. ಷಡ್ಡಕ ನಕ್ಕ. ‘ಏನ್ ಭಾವ, ನಿಮ್ಮ ಮಿಷಿನ್ ಕೊಡಕ್ಕೆ ಕೂಲಿಯವಳ ಪರ್ಮಿಷನ್ನಾ?’

ಆ ಒಂದು ಮಾತಿಗೆ ನನ್ನ ಮೀಸೆ ನೆಟ್ಟಗಾಯಿತು ನೋಡಿ. ಕೊಟ್ಟೆ. ನನ್ನ ಬುದ್ಧಿಗೆ ಮಣ್ಣು ಹಾಕ, ಎತ್ತಿ ಅವನ ಕಾರಿನೊಳಕ್ಕೆ ನಾನೇ ಇಟ್ಟೆ.

ಶನಿವಾರ ಸಂಜೆ ಮಾತಿನಂತೆ ವಾಪಸ್ಸು ಬಂತು. ಗಾರ್ಡಿಲ್ಲ. ಕೆಂಪು ಬಟ್ಟೆಯಿಲ್ಲ. ನಾನು ಹಗ್ಗ ಎಳೆದೂ ನೋಡಲಿಲ್ಲ. ಭಾನುವಾರ ಮುಂಜಾನೆ ಕಳೆಯಕ್ಕ ಬಂದು ಎಳೆದರು. ಹಗ್ಗ ಅಲ್ಲಾಡಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದರು.

‘ಬರೀ ಪೆಟ್ರೋಲ್ ಉಯ್ದು ಓಡ್ಸವ್ರೆ ಸಾ. ಒಂದ್ ತೊಟ್ಟು ಆಯಿಲ್ ಇಲ್ಲ. ಒಳಗೆ ಇಂಜಿನ್ನೇ ಇಡ್ಕಂಡದೆ. ಯಾರ್ಗ್ ಕೊಟ್ಟಿದ್ರಿ?’

ಹೇಳಿದೆ.

‘ಕೊಡೋಕ್ ಮುಂಚೆ ನನ್ನ ಒಂದ್ ಮಾತ್ ಕೇಳ್ಬ್ಯಾಡ್ವಾ?’

ತಪ್ಪಾಯಿತು ಎನ್ನಬೇಕಿತ್ತು. ಒಂದೇ ಪದ. ಆ ಪದದ ಬದಲು ನನ್ನ ಬಾಯಿಂದ ಬಂದದ್ದನ್ನು ಇವತ್ತು ಇಲ್ಲಿ ಬರೆಯುವಾಗಲೂ ಮೈ ಉರಿಯುತ್ತದೆ. ‘ಮಿಷಿನ್ ನಂದು ತಾನೇ? ನನ್ನ ಮಿಷಿನ್ನು ನಾನು ಯಾರಿಗೆ ಬೇಕಾದ್ರೂ ಕೊಡ್ತೀನಿ’ ಎಂದೆ.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರವಾಗುತ್ತಿದ್ದೆ. ಹಿತ್ತಲ ಗೋಡೆಯ ಗೂಡಿನಲ್ಲಿ ಎರಡು ವರ್ಷದಿಂದ ತುಕ್ಕು ಹಿಡಿಯುತ್ತಿದ್ದ ತಮ್ಮ ಕುಡ್ಲನ್ನು ತೆಗೆದು ಸೆರಗಿನಲ್ಲಿ ಒರೆಸಿದರು. ‘ಸರಿ ಬುಡಿ ಸಾ. ನಂದು ಇದು’ ಎಂದು ಯಳಂದೂರಿನ ಬಸ್ಸಿಗೆ ಹೋದರು.

ಇಡೀ ಕಾಂಪೌಂಡನ್ನು ಕೈಯಲ್ಲೇ ಮಾಡಿದರು. ಹೂ ಬಿಟ್ಟಿದ್ದ ಪಾರ್ಥೇನಿಯಂ ನಡುವೆ ದಿನವೆಲ್ಲ ಕೂತು, ಕುಡ್ಲು ಮೊಂಡಾದ ಮೇಲೆ ಹಸಿರು ಉಗುರಿನಲ್ಲಿ ಕಿತ್ತರು. ಸೋಮವಾರ ಶಾಲೆ ಶುರುವಾದಾಗ ನೆಲ ಕಾಣುತ್ತಿತ್ತಂತೆ. ಆ ಭಾನುವಾರ ನಾನು ಏನು ಮಾಡುತ್ತಿದ್ದೆ ಎಂದು ಕೇಳುತ್ತೀರಾ? ಪೇಪರ್ ಓದುತ್ತಿದ್ದೆ. ಒಂದು ಆಟೋ ಹಿಡಿದು ಮೆಕ್ಯಾನಿಕ್ಕಿನ ಮನೆಗೆ ಹೋಗಿ ಬಾಡಿಗೆಗೆ ಬೇರೆ ಮಿಷಿನ್ ಕೇಳಬಹುದಿತ್ತು. ನಾನೇ ಹೋಗಿ ಪಕ್ಕದಲ್ಲಿ ಕೂತು ಕೀಳಬಹುದಿತ್ತು. ನನ್ನ ಹೆಂಡತಿ ಆ ದಿನ ಅಡಿಗೆ ಮಾಡಿಟ್ಟಳು, ಬಡಿಸಲಿಲ್ಲ.

ಬುಧವಾರ ಅವರಿಗೆ ಉಸಿರು ಕಟ್ಟಿತು. ಮುಖ, ಕತ್ತು, ಕೈ ಎಲ್ಲ ಮತ್ತೆ ಊದಿತ್ತು. ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ. ನಾನು ಹೋಗಿ ನಿಂತಾಗ ಅದನ್ನು ಸ್ವಲ್ಪ ಸರಿಸಿಕೊಂಡು ಕೇಳಿದ್ದು ಒಂದೇ. ‘ಮಿಷಿನ್ ರಿಪೇರಿಗ್ ಕೊಟ್ರಾ?’

ಕೊಟ್ಟಿರಲಿಲ್ಲ. ನಾಲ್ಕು ದಿನದಿಂದ ಜಗಲಿಯ ಮೂಲೆಯಲ್ಲಿ ಬಿದ್ದಿತ್ತು. ಆಸ್ಪತ್ರೆಯಿಂದ ನೆಟ್ಟಗೆ ಮನೆಗೆ ಬಂದು ಅದನ್ನು ಹೊತ್ತುಕೊಂಡು ಶೆಡ್ಡಿಗೆ ಹೋದೆ. ಮೆಕ್ಯಾನಿಕ್ಕು ಬಿಚ್ಚಿ, ಗೀರು ಬಿದ್ದ ಪಿಸ್ಟನ್ ತೋರಿಸಿದ. ‘ಆ ಅವ್ವ ಎರಡು ವರ್ಷ ಮಗು ಥರ ಮಡಿಕಂಡಿತ್ತು. ಒಂದ್ ದಿನ್ದಲ್ಲಿ ಸಾಯ್ಸವ್ರಲ್ಲ, ಯಾರ್ ಸಾ ಆ ಪುಣ್ಯಾತ್ಮ?’ ಎಂದ. ಖರ್ಚೆಷ್ಟಾಗುತ್ತದೆ ಎಂದು ಕೇಳಿದೆ. ಪಾರ್ಟ್ಸು ಸಿಗುವ ಮಿಷಿನ್ ಅದು, ಅವರೇ ಆರಿಸಿದ್ದಲ್ಲವೇ? ವಾರದಲ್ಲಿ ರಿಪೇರಿಯಾಯಿತು. ಹೊಸ ಗಾರ್ಡೂ ಹಾಕಿಸಿದೆ.

ಅವರ ಮನೆಗೆ ತೆಗೆದುಕೊಂಡು ಹೋದೆ. ಮಂಚದಿಂದ ಬಾಗಿಲಿನವರೆಗೆ ಬರಲು ಎರಡು ಕಡೆ ನಿಂತು ಉಸಿರು ಎಳೆದುಕೊಂಡರು. ಹೊಸ್ತಿಲ ಮೇಲೆ ಕೂತು, ನಾನು ಬೇಡವೆಂದರೂ ಕೇಳದೆ, ಹಗ್ಗ ಎಳೆದರು. ಮೂರನೆಯ ಸಲಕ್ಕೆ ಹೊತ್ತಿಕೊಂಡಿತು. ಕಿವಿಗೊಟ್ಟು ಕೇಳಿ ಆರಿಸಿದರು. ‘ಸರಿಯಾಗದೆ. ನಿಮ್ಮತ್ರವೇ ಇಕ್ಕಳಿ. ವಾಸಿ ಆದ್ಮೇಲೆ ಬತ್ತೀನಿ’ ಎಂದು ಸೊಸೆಯಿಂದ ಹಳೆಯ ಸೀರೆ ತರಿಸಿ, ಅಂಚಿನಿಂದ ಒಂದು ಕೆಂಪು ಚೂರು ಹರಿದು ಹಿಡಿಗೆ ಕಟ್ಟಿದರು. ಗಂಟು ಹಾಕಲು ಹೆಬ್ಬೆರಳು ಮಡಚದೆ ಹಲ್ಲಿನಲ್ಲಿ ಎಳೆದು ಬಿಗಿ ಮಾಡಿದರು. ತಪ್ಪಾಯಿತು ಎನ್ನುವ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಇಟ್ಟುಕೊಂಡು ಹೋಗಿದ್ದೆ. ಅಲ್ಲಿ ಕೂತು ಕಾರ್ಬೊರೇಟರಿನ ವಿಚಾರ ಮಾತಾಡಿ ಕಾಫಿ ಕುಡಿದು ಎದ್ದು ಬಂದೆ.

ಅವರು ವಾಸಿಯಾಗಲಿಲ್ಲ. ಮಾಗಿಯ ಚಳಿಯಲ್ಲಿ ಒಂದು ಬೆಳಿಗ್ಗೆ ಹೋಗಿಬಿಟ್ಟರು. ‘ಶ್ವಾಸಕೋಶ ಮೊದಲಿಂದಲೇ ಹಾಳಾಗಿತ್ತು, ವಯಸ್ಸೂ ಆಗಿತ್ತು’ ಎಂದು ಡಾಕ್ಟರು ಹೇಳಿದರಂತೆ. ಷಡ್ಡಕ ಇದನ್ನು ಸಿಕ್ಕಿದವರಿಗೆಲ್ಲ ಹೇಳುತ್ತಾನೆ, ನನಗೂ ಎರಡು ಸಲ ಹೇಳಿದ. ಡಾಕ್ಟರ ಮಾತು ನಿಜವೇ ಇರಬಹುದು. ಆ ಭಾನುವಾರವೂ ನಿಜ.

ಈಗ ಹಿತ್ತಲನ್ನು ನಾನೇ ಹೊಡೆಯುತ್ತೇನೆ. ಮೊದಲ ಸುತ್ತು ಕಲ್ಲಿಗೆ, ಪಂಚೆಯನ್ನೇ ಮಡಿಲು ಮಾಡಿಕೊಂಡು. ಎರಡನೆಯದು ಕೆಂಪು ಬಟ್ಟೆಗೆ. ಮೂರನೆಯ ಸುತ್ತಿನಲ್ಲಿ ಯಾವುದು ಅಣ್ಣೆ, ಯಾವುದು ಸುಮ್ಮನೆ ಹುಲ್ಲು ಎಂದು ತಿಳಿಯದೆ ಅರ್ಧ ಬಿಟ್ಟು ಬರುತ್ತೇನೆ, ಹೆಂಡತಿ ಬೈಯುತ್ತಾಳೆ. ದಾರ ಕಟ್ಟಿದ ಬಾಟಲಿಯಲ್ಲೇ ಆಯಿಲ್ ಅಳೆಯುತ್ತೇನೆ.

ಹೋದ ಭಾನುವಾರ ಷಡ್ಡಕ ಬಂದಿದ್ದ. ಕಾಫಿ ಕುಡಿದು, ಜಗಲಿಯ ಮೂಲೆಗೆ ಹೋಗಿ, ‘ಭಾವ, ಒಂದ್ ದಿನಕ್ಕೆ ತಗೊಂಡು ಹೋಗ್ತೀನಿ. ಈ ಸಲ ಆಯಿಲ್ ಹಾಕ್ತೀನಿ ಮಾರಾಯ್ರೇ’ ಎಂದು ನಗುತ್ತಾ ಮಿಷಿನ್ನಿನ ಹಿಡಿಗೆ ಕೈ ಹಾಕಿದ.

‘ಕೈ ತೆಗಿ’ ಎಂದೆ. ನನ್ನ ದನಿಗೆ ಒಳಗಿದ್ದ ಹೆಂಡತಿ ಹೊರಗೆ ಬಂದಳು. ‘ಕೆಂಪು ಬಟ್ಟೆ ಕಟ್ಟಿರೋದು ಕಾಣಲ್ವಾ? ಅದು ನಂದಲ್ಲ.’

‘ನಿಮ್ಮದಲ್ದೆ ಇನ್ಯಾರ್ದು?’

‘ಕೂಲಿಯವಳದು’ ಎಂದೆ. ‘ಹೋಗಿ ಅವರನ್ನ ಕೇಳಿಕೊಂಡು ಬಾ.’